ನಾಲ್ಕು ಪೌಂಡಿನ ಕೊರತೆ

"ಈ ಸಲ ಒಂದು ಸೆಂಟನ್ನೂ ಕಂಪನಿಗೆ ಬಿಡೋನಲ್ಲ ನಾನು!" ಎಂದು ಆರ್ವಿಡ್ ಹಾಲ್ವರ್ಸನ್ ಅಡುಗೆಮನೆಯಲ್ಲಿ ಎದೆಯುಬ್ಬಿಸಿ ಘೋಷಿಸಿದ. ಎದೆಗಿಂತ ಮೊದಲು ಹೊಟ್ಟೆಯೇ ಮುಂದೆ ಬಂತು, ಆ ಮಾತು ಬೇರೆ.

ಅಮೆರಿಕದ ಡುಲೂತಿನಲ್ಲಿ ಶಾಲಾ ಬಸ್ ಓಡಿಸುವ ಅವನ ಸಂಬಳದಿಂದ ತಿಂಗಳಿಗಿಷ್ಟು ಹಣ, ತೆರಿಗೆಯವರ ಕೈಗೆ ಸಿಗದೆ, ಆರೋಗ್ಯ ಖಾತೆಗೆ ಸೇರುತ್ತಿತ್ತು. ಅದನ್ನು ಡಿಸೆಂಬರ್ ಮುಗಿಯುವುದರೊಳಗೆ ಔಷಧೋಪಚಾರಕ್ಕೆ ಬಳಸಬೇಕು, ಇಲ್ಲವಾದರೆ ಕಂಪನಿಯ ಪಾಲು. ಉಳಿದಿದ್ದ ಆರುನೂರು ಡಾಲರಿನಲ್ಲಿ ತೂಕ ಇಳಿಸುವ ತರಬೇತಿ ಸೇರಿ, ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಕೊಂಚ ಗಾಳಿಯಾಡುವಂತೆ ಮಾಡುವುದು ಅವನ ಮಹಾಸಂಕಲ್ಪ!

ಆದರೆ ಇದು ಶೋಕಿಯಲ್ಲ, ಚಿಕಿತ್ಸೆ ಎಂದು ವೈದ್ಯರು ಪತ್ರ ಕೊಡಬೇಕಿತ್ತು. ಡಾಕ್ಟರ್ ಕ್ವಿಂಬಿ ತೂಕ ನೋಡಿ, ಎತ್ತರ ಅಳೆದು, ತಲೆಯಾಡಿಸಿದರು.

"ಬಿ.ಪಿ. ಸರಿಯಿದೆ, ಸಕ್ಕರೆ ಸರಿಯಿದೆ. ನೀವು ಬರೀ ದಪ್ಪ ಅಷ್ಟೇ. ಬೊಜ್ಜಿನ ಕಾಯಿಲೆ ಅಂತ ಬರೆಯೋಕೆ ಇನ್ನೂ ನಾಲ್ಕು ಪೌಂಡ್ ಬೇಕು."

ವರ್ಷಗಟ್ಟಲೆ ಸಾಕಿ ಸಲಹಿದ ಹೊಟ್ಟೆಗೆ ಇಂಥ ಅವಮಾನ! ಆರ್ವಿಡ್ ಬೆಲ್ಟ್ ಬಿಗಿದುಕೊಂಡ. "ಸೋಮವಾರ ಬರ್ತೀನಿ ಡಾಕ್ಟ್ರೇ. ಆ ನಾಲ್ಕನ್ನೂ ತಂದೇ ತರ್ತೀನಿ."

ಹೆಂಡತಿ ಮಾರ್ಲಿಸ್ ಹಣೆ ಚಚ್ಚಿಕೊಂಡಳು. "ತೂಕ ಇಳಿಸೋಕೆ ತೂಕ ಏರಿಸ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

"ಇದು ತಿನ್ನೋದಲ್ಲ ಮಹಾರಾಯ್ತಿ, ಕಾಗದಪತ್ರದ ಕೆಲಸ! ಇನ್ನೊಂದು ಸೌಟು ಹಾಕು."

"ನೀನೇ ಬಡಿಸ್ಕೋ. ನಾನು ಸಾಕ್ಷಿ ಆಗಲ್ಲ."

ಶುರುವಾಯಿತು ಯಜ್ಞ! ಆಲೂಗಡ್ಡೆ, ಚೀಸ್ ಹೊದಿಸಿ ಬೇಯಿಸಿದ ಮಾಂಸದ ತಟ್ಟೆ ಬೆಳಗ್ಗೆಯೂ ಬಂತು, ರಾತ್ರಿಯೂ ಬಂತು. ಬೆಣ್ಣೆ, ಸಕ್ಕರೆ ಸವರಿದ ಲೆಫ್ಸೆ ರೊಟ್ಟಿಗಳು ಸುರುಳಿ ಸುರುಳಿಯಾಗಿ ಒಳಗಿಳಿದವು. ನಾಲ್ಕನೆಯ ದಿನ ಚೀಸ್ ಕಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಹಿಂಜರಿಯಲಿಲ್ಲ, ಮೂಗು ಮುಚ್ಚಿಕೊಂಡು ನುಂಗಿದ.

ಸೋಮವಾರ ತೂಕದ ಮುಳ್ಳು ಗೆರೆ ದಾಟಿ ಇನ್ನೂ ಎರಡು ಪೌಂಡ್ ಮುಂದೆ ಹೋಯಿತು. ಡಾಕ್ಟರ್ ನಿಟ್ಟುಸಿರಿಟ್ಟು ಸಹಿ ಹಾಕಿದರು. ಪತ್ರಕ್ಕೆ ಕೈ ಚಾಚಿದ್ದೇ ತಡ, ಆರ್ವಿಡ್‌ನ ಎದೆ ಹಿಂಡಿದಂತಾಯಿತು. ಬೆವರು ಕಿತ್ತುಕೊಂಡು ಬಂತು. ಆಂಬ್ಯುಲೆನ್ಸ್ ಬಂತು!

ಆಸ್ಪತ್ರೆಯಲ್ಲಿ ಮೈತುಂಬ ವೈರು ಅಂಟಿಸಿ ಎರಡು ಗಂಟೆ ಪರೀಕ್ಷಿಸಿದರು. ಅಷ್ಟು ಹೊತ್ತೂ ಮಾರ್ಲಿಸ್ ಅವನ ಕೈ ಹಿಡಿದು ಅಳುತ್ತಿದ್ದಳು. ಇವಳನ್ನು ಬಿಟ್ಟು ಹೋಗುತ್ತೇನಲ್ಲಾ ಎಂದು ಅವನಿಗೂ ನಿಜವಾಗಿ ಭಯವಾಯಿತು.

ಕೊನೆಗೆ ತುರ್ತು ವಿಭಾಗದ ಡಾಕ್ಟರಮ್ಮ ಬಂದರು. "ಹೃದಯ ಗಟ್ಟಿಮುಟ್ಟಾಗಿದೆ. ಇದು ಗ್ಯಾಸ್. ನಿನ್ನೆ ಏನು ತಿಂದ್ರಿ?"

ಮಾರ್ಲಿಸ್ ಕೈ ಬಿಟ್ಟಳು.

ಆಸ್ಪತ್ರೆಯ ಬಿಲ್ಲಿನಲ್ಲಿ ವಿಮೆಯವರು ಕೊಟ್ಟಿದ್ದು ಕಳೆದು ಇವರ ಪಾಲಿಗೆ ಬಂದದ್ದು ಆರುನೂರ ನಲವತ್ತು ಡಾಲರ್. ಅವಳು ಆರೋಗ್ಯ ಖಾತೆಯ ಕಾರ್ಡನ್ನು ಉಜ್ಜಿ ಖಾಲಿ ಮಾಡಿ, ಮೇಲಿನ ನಲವತ್ತನ್ನು ತನ್ನ ಪರ್ಸಿನಿಂದ ಎಣಿಸಿ ಕೊಟ್ಟಳು.

ಮನೆ ಮುಂದೆ ಕಾರು ನಿಂತಾಗ ಆರ್ವಿಡ್ ಮೆಲ್ಲಗೆ ಜೇಬಿನಿಂದ ಪತ್ರ ತೆಗೆದ. "ಏನೇ ಹೇಳು, ಪತ್ರ ಸಿಕ್ತು. ಸರ್ಕಾರದ ಲೆಕ್ಕದಲ್ಲೂ ನಾನೀಗ ಬೊಜ್ಜಿನ ರೋಗಿ. ತರಬೇತಿಗೆ ಮಾತ್ರ ದುಡ್ಡಿಲ್ಲ."

ಅಂಗಳದಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಮಾರ್ಲಿಸ್ ಡಿಕ್ಕಿಯಿಂದ ಸಲಿಕೆ ತೆಗೆದು ಅವನ ಕೈಗಿಟ್ಟಳು.

"ಹೃದಯ ಗಟ್ಟಿಮುಟ್ಟಾಗಿದೆ ಅಂದ್ರಲ್ಲ, ಎತ್ತು. ಇದಕ್ಕೆ ಯಾರ ಪತ್ರಾನೂ ಬೇಡ."