ಮೂವತ್ತೆಂಟಕ್ಕೆ ಇಂಟರ್ ಸೈನ್ಸ್

ಹುಡುಗರ ನಡುವೆ ಕೂತು ಓದಲು ಹೊರಟ ದೊಡ್ಡವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ದಾದರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡೆಂಟ್. ಹದಿನೈದು ವರ್ಷ ಟೆಸ್ಟ್ ಟ್ಯೂಬ್ ತೊಳೆದಿದ್ದೆ. ಅಷ್ಟರಲ್ಲಿ ಲ್ಯಾಬ್ ಅಸಿಸ್ಟೆಂಟ್ ಜಾಗ ಖಾಲಿಯಾಯಿತು. ನಮ್ಮ ವಿಭಾಗದ ಮುಖ್ಯಸ್ಥರು ಬೆಳಗಾವಿ ಕಡೆಯವರು. ನನ್ನನ್ನು ಕರೆದು, "ಅರ್ಧಕ್ಕ ಬಿಟ್ಟ ಇಂಟರ್ ಸೈನ್ಸ್ ಮುಗಿಸು. ಒಂದು ವರ್ಷ ಜಾಗಾ ಕಾಯ್ದಿಡ್ತೀನಿ. ನಪಾಸಾದ್ರ ಹೊರಗಿನವರನ್ನ ತಗೋತೀನಿ ನೋಡು," ಅಂದರು. ಪಾಸಾಗಿಯೇ ತೀರುತ್ತೇನೆ ಎಂದು ನಮ್ಮದೇ ಕಾಲೇಜಿನ ಬೆಳಗಿನ ತರಗತಿಗೆ ಹೆಸರು ಹಚ್ಚಿದೆ.

ಮೊದಲ ಹಾಜರಿ

ಮೊದಲ ದಿನ ತರಗತಿಗೆ ಹೋದವನು ರೂಢಿಯಂತೆ ಬೋರ್ಡು ಒರೆಸಿದೆ, ಚಾಕ್ ಡಸ್ಟರ್ ಜೋಡಿಸಿಟ್ಟೆ, ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತೆ. ಹೊಸದಾಗಿ ಬಂದಿದ್ದ ಫಿಸಿಕ್ಸ್ ಮೇಷ್ಟ್ರು ನನ್ನ ಖಾಕಿ ಅಂಗಿ ನೋಡಿ, ಕೆಲಸ ಆಯಿತಲ್ಲ, ಇನ್ನು ಹೋಗಬಹುದು ಎಂದು ಹಿಂದಿಯಲ್ಲಿ ಹೇಳಿದರು. ಮೇಲಿನವರು ಹೋಗೆಂದರೆ ಹೋಗುವುದೇ ಗೊತ್ತಿದ್ದ ನಾನು ಎದ್ದು ಹೊರಗೆ ಬಂದುಬಿಟ್ಟೆ. ನಾನೂ ವಿದ್ಯಾರ್ಥಿ ಎಂಬುದು ನೆನಪಾಗುವಷ್ಟರಲ್ಲಿ ಒಳಗೆ ನನ್ನ ನಂಬರ್ ಕೂಗಿದರು. ಬಾಗಿಲಾಚೆಯಿಂದಲೇ "ಯೆಸ್ ಸರ್" ಅಂದೆ. ಅಟೆಂಡೆಂಟನ ಕೈಲಿ ಹಾಜರಿ ಹೇಳಿಸುತ್ತಿರುವ ಹುಡುಗ ಯಾರು ಎಂದು ಮೇಷ್ಟ್ರು ಕೆಂಡಾಮಂಡಲವಾದರು. ಎಷ್ಟು ವಿಚಾರಿಸಿದರೂ ಆ ಹುಡುಗ ಸಿಗಲಿಲ್ಲ. ನನ್ನ ಹಾಜರಿಯನ್ನು ನಾನೇ ಹೇಳಿದ ತಪ್ಪಿಗೆ ಮೊದಲ ದಿನವೇ ನನಗೆ ಗೈರುಹಾಜರಿ ಬಿತ್ತು.

ಲೋಕಲ್ಲಿನ ಮೇಷ್ಟ್ರುಗಳು

ಜೋಗೇಶ್ವರಿಯ ಚಾಳಿನ ಒಂದೇ ಖೋಲಿಯಲ್ಲಿ ಐದು ಜನ. ಓದಲು ಜಾಗ ಎಂದರೆ ಬೆಳಗಿನ ಲೋಕಲ್ ಒಂದೇ. ನಮ್ಮ ಡಬ್ಬಿಯಲ್ಲಿ ದಿನಾ ಇಸ್ಪೀಟು ಆಡುವ ನಾಲ್ವರು ಮರಾಠಿ ಗುಮಾಸ್ತರಿದ್ದರು. ಈ ವಯಸ್ಸಿನಲ್ಲಿ ಓದುತ್ತಿದ್ದೇನೆಂದು ತಿಳಿದದ್ದೇ, ಅವರು ಎಲೆಗಳನ್ನು ಜೇಬಿಗಿಳಿಸಿ ನನ್ನ ನೋಟ್‌ಬುಕ್ ಕಿತ್ತುಕೊಂಡರು. ಅಲ್ಲಿಂದ ಮುಂದೆ ಪ್ರಶ್ನೆ ಅವರದು, ಉತ್ತರ ನನ್ನದು. ಸರಿ ಹೇಳಿದರೆ ಒಬ್ಬರು ಎದ್ದು ಸೀಟು ಕೊಡುವುದು, ತಪ್ಪಿದರೆ ನಾನು ಎದ್ದು ನಿಲ್ಲುವುದು ಎಂದು ಕರಾರಾಯಿತು. ನಾಲ್ವರಲ್ಲಿ ಒಬ್ಬರಿಗೂ ಕೆಮಿಸ್ಟ್ರಿ ಬರುತ್ತಿರಲಿಲ್ಲ, ಕರುಣೆಯೂ ಇರಲಿಲ್ಲ. ಒಂದು ಅಕ್ಷರ ಅತ್ತಿತ್ತ ಆದರೂ ಏಳಿಸುತ್ತಿದ್ದರು. ಆ ವರ್ಷ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ನಿಂತುಕೊಂಡೇ ಕಲಿತದ್ದು.

ಪಾಲಕರ ಸಹಿ

ಆರು ತಿಂಗಳ ಪರೀಕ್ಷೆಯಲ್ಲಿ ಫಿಸಿಕ್ಸ್ ಕೈಕೊಟ್ಟಿತು. ನಪಾಸಾದವರ ಅಂಕಪಟ್ಟಿಗೆ ಪಾಲಕರ ಸಹಿ ಬೇಕೆಂದು ಆಫೀಸಿನ ಹೆಡ್ ಕ್ಲಾರ್ಕ್ ಪಟ್ಟು ಹಿಡಿದರು. ಹತ್ತು ವರ್ಷದಿಂದ ನನ್ನ ಜೊತೆ ಡಬ್ಬಿ ಬಿಚ್ಚಿ ಊಟ ಮಾಡಿದ ಮನುಷ್ಯ. ನನ್ನ ತಂದೆ ತೀರಿಕೊಂಡದ್ದು ಅವರಿಗೆ ಗೊತ್ತು. ಆದರೂ ನಿಯಮ ನಿಯಮವೇ, ಮನೆಯಲ್ಲಿ ನೀನು ಯಾರ ಮಾತು ಕೇಳುತ್ತೀಯೋ ಅವರ ಸಹಿ ತಾ ಅಂದರು.

ಹೆಂಡತಿಯ ಸಹಿ ತಂದುಕೊಟ್ಟೆ. ನಾಲ್ಕನೇ ಇಯತ್ತೆ ಓದಿದ ಅವಳು ಕನ್ನಡದಲ್ಲಿ ಸಹಿ ಮಾಡಿ ಸುಮ್ಮನಿರಬೇಕಿತ್ತು. ಪಾಲಕಳಾದ ಮೇಲೆ ಜವಾಬ್ದಾರಿ ಬಂತಲ್ಲ. ಶನಿವಾರ ಟ್ರೇನು ಹತ್ತಿ ಕಾಲೇಜಿಗೇ ಬಂದಳು. ನನ್ನೆದುರಿಗೇ ಮುಖ್ಯಸ್ಥರನ್ನು, "ನಮ್ಮವ್ರು ಹ್ಯಾಂಗ ಓದ್ತಾರ್ರೀ, ಸಾಹೇಬ್ರ?" ಎಂದು ಕೇಳಿದಳು.

"ಶಾಣ್ಯಾ ಅದಾರವ್ವಾ. ಲಕ್ಷ್ಯ ಕಡಿಮಿ," ಅಂದರು ಅವರು ನಗದೆ.

ಅಂದಿನಿಂದ ಚಾಳಿನ ಸಂಜೆಯ ಕೇರಂ ಬಂದ್. ನಮ್ಮ ಮನೆಯಲ್ಲಿ ಮಗಳು ಆಡಲು ಹೋಗುವ ಮುಂಚೆ ನನ್ನನ್ನು ಕೇಳುತ್ತಿದ್ದಳು, ನಾನು ಅವಳ ಅವ್ವನನ್ನು ಕೇಳುತ್ತಿದ್ದೆ.

ಆರನೆಯ ಬಿಲ್ಲೆ

ಕೊನೆಗೆ ಪ್ರ್ಯಾಕ್ಟಿಕಲ್ ಪರೀಕ್ಷೆ ಬಂತು. ಕೊಟ್ಟ ಲವಣ ಯಾವುದೆಂದು ಪರೀಕ್ಷೆ ಮಾಡಿ ಹೇಳಬೇಕು. ನನ್ನ ಮೇಲೆ ಗುಮಾನಿ ಬರಬಾರದೆಂದು ಆ ದಿನ ಬೇರೆ ಕಾಲೇಜಿನ ಅಟೆಂಡೆಂಟನನ್ನು ಕರೆಸಿದ್ದರು. ಪರೀಕ್ಷಕರೂ ಹೊರಗಿನವರು. ನನಗೆ ಕೊಟ್ಟ ಬಿಳಿ ಹರಳನ್ನು ಚಮಚದಲ್ಲಿ ಎತ್ತುತ್ತಲೇ ಅದರ ಭಾರ ಕೈಗೆ ತಿಳಿಯಿತು. ಲೆಡ್ ನೈಟ್ರೇಟ್ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಬರ್ನರ್ ಇನ್ನೂ ಹಚ್ಚಿರಲಿಲ್ಲ.

ಪರೀಕ್ಷಕರು ಅದನ್ನು ನೋಡಿದರು. ಪರೀಕ್ಷೆ ಮಾಡದೆ ಉತ್ತರ ಹೇಗೆ ಬಂತು, ಯಾರೋ ಹೇಳಿಕೊಟ್ಟಿದ್ದಾರೆ ಎಂದು ನನ್ನ ಹಾಳೆ ರದ್ದು ಮಾಡಲು ಪೆನ್ನು ತೆಗೆದರು. ವರ್ಷದ ಓದು, ಕಾಯ್ದಿಟ್ಟ ಜಾಗ, ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು. ಆದರೂ ಬಿಡಲಿಲ್ಲ. ಕಪಾಟಿನಿಂದ ನೀವೇ ಯಾವ ಬಾಟಲಿಯಿಂದಲಾದರೂ ತೆಗೆದು ಕೊಡಿ, ನೋಡಿಯೇ ಹೇಳುತ್ತೇನೆ, ತಪ್ಪಿದರೆ ರದ್ದು ಮಾಡಿ ಅಂದೆ.

ಅವರು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಆರು ಗಾಜಿನ ಬಿಲ್ಲೆಗಳಲ್ಲಿ ಆರು ಬಗೆಯ ಪುಡಿ, ಹರಳು ಹಾಕಿಟ್ಟರು. ಐದನ್ನು ಪಟಪಟನೆ ಹೇಳಿದೆ. ಆರನೆಯದನ್ನು ಅಲುಗಾಡಿಸಿ ನೋಡಿ, "ಸಕ್ಕರಿ," ಅಂದೆ.

ಪರೀಕ್ಷಕರು ಗೆದ್ದವರ ಹಾಗೆ ಬಾಟಲಿ ಎತ್ತಿ ಹಿಡಿದರು. ಚೀಟಿಯ ಮೇಲೆ ಅಮೋನಿಯಂ ಕ್ಲೋರೈಡ್ ಎಂದಿತ್ತು. ಅಕ್ಷರ ನಮ್ಮ ಮುಖ್ಯಸ್ಥರದು. ಪಕ್ಕದಲ್ಲೇ ನಿಂತಿದ್ದ ಅವರ ಮುಖ ನೋಡಿದೆ. ಮಧುಮೇಹ ಬಂದಾಗಿನಿಂದ ಸಕ್ಕರೆ ಮುಟ್ಟಿಲ್ಲ, ಬರೀ ಕಪ್ಪು ಚಹಾ ಕುಡಿಯುತ್ತೇನೆ, ನಾಲಗೆ ಗೆಲ್ಲಬೇಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಉಪದೇಶ ಮಾಡುತ್ತಿದ್ದವರು ಈಗ ಕಿಟಕಿಯಾಚೆ ದಾದರ್ ಸ್ಟೇಷನ್ ನೋಡುತ್ತಿದ್ದರು. ನನಗೆ ಎಲ್ಲ ಅರ್ಥವಾಯಿತು. ಬಾಯಿ ಮುಚ್ಚಿದರೆ ನಾನು ನಪಾಸು, ಬಿಟ್ಟರೆ ನನಗೆ ಜಾಗ ಕಾಯ್ದಿಟ್ಟ ಮನುಷ್ಯನ ಮಾನ ಹೋಗುತ್ತದೆ.

"ಕಾಸಿ ನೋಡ್ರಿ ಸರ್," ಅಂದೆ.

ಕಾಸಿದರು. ಅಮೋನಿಯಂ ಕ್ಲೋರೈಡಾಗಿದ್ದರೆ ಏಳಬೇಕಿದ್ದ ಬಿಳಿ ಹೊಗೆ ಏಳಲಿಲ್ಲ. ಹರಳು ಕರಗಿ ಕಂದು ಬಣ್ಣಕ್ಕೆ ತಿರುಗಿತು, ಪಾಕದ ವಾಸನೆ ಲ್ಯಾಬೆಲ್ಲ ತುಂಬಿತು. ಪರೀಕ್ಷಕರು ಪೆನ್ನು ಜೇಬಿಗಿಟ್ಟು, ಹೋಗಿ ಬಾಕಿ ಪರೀಕ್ಷೆಗಳನ್ನು ಮಾಡಿ ಬರೆ ಅಂದರು. ಹುಡುಗರೆಲ್ಲ ಮುಖ್ಯಸ್ಥರನ್ನೇ ನೋಡುತ್ತಿದ್ದರು.

ನಾನು ಪಾಸಾದೆ. ಆದರೆ ಹೊಸ ಕೆಲಸದ ಶಿಫಾರಸಿಗೆ ಅವರದೇ ಸಹಿ ಬೇಕಿತ್ತು. ಎರಡು ದಿನ ಹೆದರಿ ಮೂರನೆಯ ದಿನ ಕಾಗದ ಮುಂದಿಟ್ಟೆ. ಸಹಿ ಹಾಕಿದರು. ಕೆಳಗೆ ಷರಾ ಕೂಡ ಬರೆದರು: "ಕೆಲಸ ಪೂರ್ತಿ ಗೊತ್ತು. ಸುಮ್ಮನಿರುವುದನ್ನು ಇನ್ನೂ ಕಲಿಯಬೇಕು."