ಮೊದಲ ಪೆಟ್ಟಿನ ಹಂಚಿಕೆ

ಸಾಮಾಜಿಕ ಕಳಕಳಿಯುಳ್ಳ ಯಾವುದೇ ಹಾಡು ಸಾರ್ವಜನಿಕರ ಕಿವಿಗೆ ಬೀಳುವ ಮೊದಲು ಗೀತ ಪರಿಶೀಲನಾ ಇಲಾಖೆಯ ಕಿವಿಗೆ ಬೀಳತಕ್ಕದ್ದು. ಈ ನಿಯಮದ ಪ್ರಕಾರವೇ ಗಾಯಕಿಯೊಬ್ಬಳು ಜಮೈಕಾ ದ್ವೀಪದ ಸ್ಕಾ ಮತ್ತು ರೆಗ್ಗೇ ಶೈಲಿಯಲ್ಲಿ ತನ್ನ ತಂಡ ಮಾಡಿದ ಆಲ್ಬಮ್ಮನ್ನು ಹೊತ್ತು ಅಲ್ಲಿಗೆ ಹೋದಳು.

ಅವಳ ಜೀವವೆಲ್ಲ ಒಂದೇ ಹಾಡಿನಲ್ಲಿತ್ತು. ಅವಳ ಬೀದಿಯ ನಲ್ಲಿ ಒಣಗಿ ವರ್ಷಗಳಾಗಿದ್ದವು. ಅಮ್ಮ ದಿನಾ ಬೆಳಿಗ್ಗೆ ಕೊಡ ಹಿಡಿದು ಹೋಗಿ, ಬರಿಗೊಡದೊಂದಿಗೆ ಬರುವುದನ್ನು ನೋಡಿ ನೋಡಿ ಹೊಟ್ಟೆ ಉರಿದು ಬರೆದ ಹಾಡು ಅದು. ಅರ್ಜಿಗೆ ಅಲುಗದ ಜಲ ಇಲಾಖೆ ಹಾಡಿಗಾದರೂ ಅಲುಗೀತೆಂಬ ಆಸೆ.

ಅಧಿಕಾರಿ ಕಾಲು ಕುಣಿಸುತ್ತಲೇ ಎಲ್ಲವನ್ನೂ ಕೇಳಿದರು.

"ಸಾಹಿತ್ಯಕ್ಕೆ ನಮ್ಮ ತಕರಾರಿಲ್ಲಮ್ಮ. ಬೈಯೋದು ನಿಮ್ಮ ಹಕ್ಕು. ಆದ್ರೆ ನಡುನಡುವೆ ಇದೇನು, ಖಾಲಿ ಖಾಲಿ?"

"ರೆಗ್ಗೇ ಇರೋದೇ ಹಾಗೆ ಸಾರ್. ತಾಳದ ಮೊದಲ ಪೆಟ್ಟು ಬಾರಿಸೋದಿಲ್ಲ, ಬಿಟ್ಟುಕೊಡ್ತೀವಿ. ಗಿಟಾರು ಅದರ ಹಿಂದೆ ಬರುತ್ತೆ."

"ಬಿಟ್ಟುಕೊಡ್ತೀರಿ ಸರಿ. ಯಾರಿಗೆ?"

ಗಾಯಕಿ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿದ್ದ ಡ್ರಮ್ಮರ್ ಸುಮ್ಮನಿರಲಾರದೆ, "ಜನರಿಗೆ ಸಾರ್" ಅಂದುಬಿಟ್ಟ.

"ಹಾಗಾದ್ರೆ ಸಾರ್ವಜನಿಕ ಜಾಗ ಅನ್ನಿ" ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡ್ರಮ್ಮರ್ ನಾಲಿಗೆ ಕಚ್ಚಿಕೊಂಡ.

ಮರುವಾರ ಸರ್ವೆಯವರು ಸ್ಟುಡಿಯೋಗೆ ಬಂದು, ಹೆಡ್‌ಫೋನು ಹಾಕಿಕೊಂಡು ಖಾಲಿ ಪೆಟ್ಟುಗಳನ್ನು ಅಳೆದರು. ಸ್ಕಾ ಹಾಡುಗಳದು ಓಟದ ನಡಿಗೆ, ಕೈಗೆ ಸಿಗಲಿಲ್ಲ. ಸರ್ವೆ ಮುಗಿಯುವ ತನಕ ನಿಂತು ನಿಂತು ನುಡಿಸಬೇಕೆಂದು ನೋಟಿಸು ಬಂತು. ಟ್ರಂಬೋನಿನವನು ಒಂದು ಸ್ವರ ಊದಿ, ಅಳತೆ ಆಗುವವರೆಗೂ ಕೆನ್ನೆ ಉಬ್ಬಿಸಿಕೊಂಡೇ ಕೂತ. ಬಳಿಕ ಪ್ರಕಟಣೆ ಹೊರಬಿತ್ತು:

"ಹಾಡುಗಳಲ್ಲಿ ಪಾಳುಬಿದ್ದಿರುವ ಸಾರ್ವಜನಿಕ ಜಾಗವನ್ನು ಆಯಾ ಹಾಡಿನಲ್ಲಿ ಬೈಸಿಕೊಂಡ ಇಲಾಖೆಗೇ ಹಂಚಲಾಗಿದೆ. ಒತ್ತುವರಿ ಮಾಡುವ ವಾದ್ಯಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು."

ನಲ್ಲಿಯ ಹಾಡು ಜಲ ಇಲಾಖೆಗೆ ಹೋಯಿತು. ಅವರು ದುರಾಸೆಯವರಲ್ಲ, ಒಂದೇ ಮಾತು ಸಾಕೆಂದರು. ಅವರ ಎಂಜಿನಿಯರ್ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, ಪ್ರತಿ ಖಾಲಿ ಪೆಟ್ಟಿಗೂ "ಬರುತ್ತೆ" ಎಂದರು. ನಲ್ಲಿ ಒಣಗಿದೆ, ಬರುತ್ತೆ. ಕೊಡ ಕಾದಿದೆ, ಬರುತ್ತೆ. ಗಾಯಕಿಗೆ ಅಳು ಬಂತು. ಆದರೂ ಹಾಡು ಪೆಟ್ಟಿಗೆಯಲ್ಲೇ ಕೊಳೆಯುವುದಕ್ಕಿಂತ ವಾಸಿಯೆಂದು ಒಪ್ಪಿದಳು.

ಆಲ್ಬಮ್ ಮನೆಮಾತಾಯಿತು. ಅವಳ ಬೀದಿಯಲ್ಲಂತೂ ನಲ್ಲಿಯ ಸುತ್ತ ಬೆಳಿಗ್ಗೆ ಬೆಳಿಗ್ಗೆಯೇ ಹಾಡು, ಕುಣಿತ. "ಬರುತ್ತೆ" ಬಂದಾಗ ಬೀದಿಗೆ ಬೀದಿಯೇ ಸೊಂಟ ತಿರುಗಿಸುತ್ತಿತ್ತು. ದೂರು ಕೊಡುವುದು ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಬೀದಿಯವರೆಲ್ಲ ಸೇರಿ ನಲ್ಲಿಯನ್ನು ಕಿತ್ತುಹಾಕಲು ಕೋರಿದರು. ಜಲ ಇಲಾಖೆ ಅಂದೇ ಮಂಜೂರು ಮಾಡಿ, ಅಂದೇ ಕಿತ್ತು, ಗುಂಡಿಯನ್ನೂ ಮುಚ್ಚಿಕೊಟ್ಟಿತು.

ಗಾಯಕಿ ಓಡೋಡಿ ಬಂದಳು.

"ಅಮ್ಮಾ, ನೀನೂ ಸಹಿ ಹಾಕಿದ್ಯಾ?"

"ಮತ್ತಿನ್ನೇನೇ? ಕುಣಿಯೋವಾಗ ಮೊಣಕಾಲಿಗೆ ತಾಗ್ತಿತ್ತು."

"ನಲ್ಲೀನೇ ಇಲ್ದೆ ನೀರು ಹೇಗೆ ಬರುತ್ತಮ್ಮಾ?"

ಅಮ್ಮ ಕೊಡವನ್ನು ಬೋರಲು ಹಾಕಿ, ಅದರ ಮೇಲೆ ತಾಳ ತಟ್ಟುತ್ತ, ಕಣ್ಣು ಮುಚ್ಚಿ, ಸರಿಯಾಗಿ ಮೊದಲ ಪೆಟ್ಟಿಗೆ, "ಬರುತ್ತೆ" ಎಂದಳು.

ತಾಳ ಎಳ್ಳಷ್ಟೂ ತಪ್ಪಿರಲಿಲ್ಲ. ಗಾಯಕಿ ಮುಂದಿನ ಸಾಲು ಎತ್ತಿಕೊಂಡಳು.