ಒಂದು ಕ್ವೆರುಲಸ್ ಪ್ರಸಂಗ

ಬಾಗಿಲಿಗೆ ಕಿವಿಗೊಡುವ ಚಾಳಿ ಬಿಲ್ ಗುಮಾಸ್ತರಿಗೆ ಇರಲಿಲ್ಲ. ಆದರೆ ಒಳಗೆ ಮ್ಯಾನೇಜರು ಹೆಡ್ಡಾಫೀಸಿನ ಜೊತೆ ಫೋನಿನಲ್ಲಿ ಮಾತಾಡುತ್ತ ತಮ್ಮ ಹೆಸರೆತ್ತಿದಾಗ ಕಾಲು ತಾನಾಗಿಯೇ ನಿಂತಿತು. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಿತ್ತು. ಅದು ಯಾರಿಗೆಂದು ಸಂಜೆಯೊಳಗೆ ತೀರ್ಮಾನ. ಈ ಸಲ ತಪ್ಪಿತೋ, ನಿವೃತ್ತಿಯವರೆಗೂ ಶೌಚಾಲಯದ ಪಕ್ಕದ ಮೇಜೇ ಗತಿ.

“ಅವರಾ? ಅವರು ಕ್ವೆರ್‌ಲಸ್ ಮನುಷ್ಯ ಸಾರ್,” ಎಂದರು ಮ್ಯಾನೇಜರು.

ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಗುಮಾಸ್ತರು ಟೈಪಿಸ್ಟ್ ಬಳಿ ಬಂದು ಆ ಮಾತಿನ ಅರ್ಥ ಕೇಳಿದರು.

“ನಮ್ಮ ಮಾವ ಇಂಗ್ಲಿಷ್ ಮೇಷ್ಟ್ರಾಗಿದ್ದೋರು, ತಾಳಿ, ಕೇಳ್ತೀನಿ,” ಎಂದು ಆಕೆ ಮನೆಗೆ ಫೋನ್ ಮಾಡಿದಳು. ತರಗತಿಯ ಕೊನೇ ಬೆಂಚಿಗೂ ಕೇಳಿಸುತ್ತಿದ್ದ ಮಾವನ ಗಂಟಲು ಇಡೀ ಕೋಣೆಗೆ ಕೇಳಿಸಿತು.

“ಅದು ಕ್ವೆರುಲಸ್ ಕಣಮ್ಮಾ. ಲ್ಯಾಟಿನ್‌ನಲ್ಲಿ ದೂರೋದು ಅನ್ನೋ ಧಾತುವಿಂದ ಬಂದದ್ದು. ಜಗಳಕ್ಕೆ ಕ್ವಾರಲ್ ಅಂತೀವಲ್ಲ, ಅದೂ ಅದರ ದಾಯಾದಿನೇ. ಹೊತ್ತು ಗೊತ್ತಿಲ್ಲದೆ ಗೊಣಗೋ ಆಸಾಮಿ ಅಂತ ಅರ್ಥ. ಯಾರಿಗಂದ್ರು?”

ಕೋಣೆಯಲ್ಲಿದ್ದವರೆಲ್ಲ ಗುಮಾಸ್ತರ ಮುಖ ನೋಡಿದರು.

ಗುಮಾಸ್ತರಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ದುಡಿದದ್ದಕ್ಕೆ ಸಿಕ್ಕಿದ ಬಿರುದು ಇದು.

“ನಾನು ಯಾವತ್ತಾದ್ರೂ ಗೊಣಗಿದ್ದೀನೇನಮ್ಮಾ? ಈ ಫ್ಯಾನ್ ತಿರುಗಲ್ಲ, ಗೊಣಗಿದ್ನಾ? ಆ ವಾಸನೆಗೆ ತುಟಿ ಪಿಟಕ್ ಅಂದಿದ್ನಾ? ನೀವು ದಿನಾ ನನ್ನ ಸ್ಟೇಪ್ಲರ್ ಒಯ್ತೀರಿ, ಕೇಳಿದ್ನಾ?”

ಟೈಪಿಸ್ಟ್ ಮುಖ ಗಂಟುಹಾಕಿಕೊಂಡಳು. ಗುಮಾಸ್ತರು ಅಲ್ಲಿಂದ ಕ್ಯಾಷಿಯರ್ ಬಳಿ ಹೋಗಿ, ಆತ ಊಟಕ್ಕೆ ಕೂತರೆ ಚಪ್ಪರಿಸುವುದನ್ನು ತಾವೆಂದೂ ಆಡಿಕೊಂಡಿಲ್ಲವೆಂದು ವಿವರವಾಗಿ ಹೇಳಿದರು. ಆಮೇಲೆ ಕಾವಲುಗಾರನನ್ನು ಎಬ್ಬಿಸಿ, ಅವನ ನಿದ್ದೆಯ ಬಗ್ಗೆ ತಾವೆಂದೂ ದೂರಿಲ್ಲವೆಂದರು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎಂದ ಕ್ಯಾಷಿಯರ್.

ಮಧ್ಯಾಹ್ನ ಮೂವರೂ ಒಬ್ಬರ ಹಿಂದೊಬ್ಬರು ಮ್ಯಾನೇಜರ ಕೋಣೆಗೆ ಹೋಗಿಬಂದರು. ಸಂಜೆ ಗುಮಾಸ್ತರಿಗೆ ಕರೆ ಬಂತು.

“ಏನ್ರೀ ಇದು? ಬೆಳಗ್ಗೆಯಿಂದ ಆಫೀಸ್ ತುಂಬಾ ನಿಮ್ದೇ ಗೋಳಂತೆ.”

“ನೀವೇ ಫೋನಲ್ಲಿ ಕ್ವೆರ್‌ಲಸ್ ಅಂದ್ರಲ್ಲ ಸಾರ್,” ಎಂದರು ಗುಮಾಸ್ತರು.

“ಅಂದೆ. ಕ್ವೆರಿ, ಲೆಸ್. ನಿಮ್ಮ ಬಿಲ್ಲುಗಳ ಮೇಲೆ ಆಡಿಟ್‌ನೋರು ಇವತ್ತಿನವರೆಗೆ ಒಂದು ಕ್ವೆರಿನೂ ಹಾಕಿಲ್ಲ. ಕ್ವೆರಿ ಇಲ್ಲದ ಮನುಷ್ಯ, ಕುರ್ಚಿ ಇವರಿಗೇ ಕೊಡಿ ಅಂದೆ.”

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಎದೆ ಹೂವಿನಷ್ಟು ಹಗುರಾಯಿತು. ಇಂಥ ದೇವರಂಥ ಮನುಷ್ಯನನ್ನು ದಿನವಿಡೀ ಶಪಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಮತ್ತೆ ಫೋನ್ ಬಂತು. ಮ್ಯಾನೇಜರು ಒಂದೆರಡು ಮಾತಾಡಿ, ರಿಸೀವರಿಗೆ ಕೈ ಅಡ್ಡ ಹಿಡಿದು ಕೇಳಿದರು: “ಯಾವಾಗ್ಲೂ ಗೊಣಗೋರಿಗೆ ಇಂಗ್ಲಿಷಲ್ಲಿ ಏನೋ ಅಂತಾರಲ್ರೀ?”

ಉಪಕಾರ ತೀರಿಸಲು ಇಷ್ಟು ಬೇಗ ಅವಕಾಶ ಸಿಕ್ಕೀತೆಂದು ಗುಮಾಸ್ತರು ಎಣಿಸಿರಲಿಲ್ಲ. “ಕ್ವೆರುಲಸ್, ಸಾರ್. ಲ್ಯಾಟಿನ್ ಮೂಲ,” ಎಂದರು ಉತ್ಸಾಹದಿಂದ.

ಮ್ಯಾನೇಜರು ಮೆಚ್ಚಿ ತಲೆದೂಗಿ ಫೋನಿಗೆ ಹೇಳಿದರು: “ಬೆಳಗ್ಗೆ ಹೇಳಿದ್ದು ಬಿಟ್ಬಿಡಿ ಸಾರ್, ಅವರಿಗೆ ಕುರ್ಚಿ ಕೊಡೋದು ಬೇಡ. ಮನುಷ್ಯ ಕ್ವೆರುಲಸ್. ಸ್ಪೆಲಿಂಗಾ? ತಾಳಿ, ಅವರಿಗೇ ಫೋನ್ ಕೊಡ್ತೀನಿ.”